ಕಾವಿಗೆ ಕೂತ ಮೀನಿನ ಪೆಟ್ಟಿಗೆ

ನಾನು ಒಂದು ಥರ್ಮಾಕೋಲ್ ಪೆಟ್ಟಿಗೆ. ಇಷ್ಟನ್ನು ಮಾತ್ರ ಖಚಿತವಾಗಿ ಹೇಳಬಲ್ಲೆ. ಯಾತಕ್ಕೆ ಹುಟ್ಟಿದೆ, ನನ್ನಿಂದ ಯಾರಿಗೆ ಏನಾಗಬೇಕಿತ್ತು ಎಂದು ಕೇಳಿದರೆ ನನಗೆ ತಲೆ ಕೆಡುತ್ತದೆ. ತಲೆ ಎಂದರೆ ಮುಚ್ಚಳ. ಅದರ ಒಂದು ಮೂಲೆ ಮುರಿದು ಬಹಳ ದಿನವಾಯಿತು.

ಹುಬ್ಬಳ್ಳಿಯ ಹೊರಗಿನ ಒಂದು ಕಾರ್ಖಾನೆಯಲ್ಲಿ ನನ್ನ ಜನನ. ಮೊದಲು ನಾನು ಒಂದಾಗಿರಲಿಲ್ಲ. ಸಾಬೂದಾಣಿಗಿಂತ ಸಣ್ಣ ಸಾವಿರಾರು ಕಾಳಾಗಿದ್ದೆ. ಬಿಸಿ ಹಬೆ ಹಾಯಿಸಿದರು. ಕಾಳುಗಳೆಲ್ಲ ಉಬ್ಬಿ ಒಂದನ್ನೊಂದು ಒತ್ತಿ ಹಿಡಿದವು. ಅಚ್ಚು ತೆರೆದಾಗ ನನಗೆ ನಾಲ್ಕು ಗೋಡೆ, ಒಂದು ತಳ, ಒಂದು ಮುಚ್ಚಳ ಬಂದಿದ್ದವು. ಅಲ್ಲಿನ ಮೇಸ್ತ್ರಿ ನನ್ನನ್ನು ಬೆರಳಿನಿಂದ ತಟ್ಟಿ, "ಇದರಾಗ ಬರ್ಫ ಇಟ್ರ ಎರಡ ದಿನ ಕರಗೂದಿಲ್ಲ ನೋಡು" ಎಂದು ಯಾರಿಗೋ ಹೇಳಿದ. ಓಹೋ, ತಣ್ಣಗಿಡುವುದೇ ನನ್ನ ಕಸುಬು ಎಂದು ತಿಳಿದುಕೊಂಡೆ. ಹುಟ್ಟಿದ ದಿನವೇ ಕಸುಬು ಗೊತ್ತಾದದ್ದಕ್ಕೆ ಸ್ವಲ್ಪ ಜಂಬವೂ ಬಂತು.

ಎರಡು ವರ್ಷ ಆ ಕಸುಬನ್ನು ನಿಯತ್ತಾಗಿ ಮಾಡಿದೆ. ಕಾರವಾರದ ಬಂದರಿನಲ್ಲಿ ನನ್ನ ಹೊಟ್ಟೆಗೆ ಬರ್ಫ, ಬಂಗಡೆ, ಮತ್ತೆ ಬರ್ಫ ತುಂಬುತ್ತಿದ್ದರು. ಲಾರಿ ಘಟ್ಟ ಹತ್ತಿ ಬರುತ್ತಿತ್ತು. ಸವಣೂರಿನಲ್ಲಿ ಜೈತುನ್‌ಬಿ ಎಂಬ ಹೆಂಗಸು ನನ್ನನ್ನು ಇಳಿಸಿಕೊಂಡು, ಮುಂದೆ ಕೂತು ಮೀನು ಮಾರುತ್ತಿದ್ದಳು. ಅವಳು ಗಿರಾಕಿಗಳ ಜೊತೆ ಮಾತಾಡುತ್ತಿದ್ದಳೇ ಹೊರತು ನನ್ನ ಜೊತೆ ಒಂದು ದಿನವೂ ಮಾತಾಡಲಿಲ್ಲ. ಪೆಟ್ಟಿಗೆಯ ಜೊತೆ ಯಾರು ಮಾತಾಡುತ್ತಾರೆ? ಆಗ ನನಗೆ ಅದರ ಬಗ್ಗೆ ಬೇಸರವೇನೂ ಇರಲಿಲ್ಲ.

ಕಾರ್ತಿಕ ಕಳೆದು ಚಳಿ ಶುರುವಾದಾಗ ಒಬ್ಬಳು ಬಂದು ಮೀನನ್ನು ಬಿಟ್ಟು ನನ್ನನ್ನೇ ನೋಡತೊಡಗಿದಳು. ಇಪ್ಪತ್ತಾರು, ಇಪ್ಪತ್ತೇಳರ ಹೆಂಗಸು. ಹೆಸರು ಹುಲಿಗೆವ್ವ.

"ಮೀನ ಬೇಕೇನವ್ವಾ?" ಎಂದಳು ಜೈತುನ್‌ಬಿ.

"ಮೀನ ಬ್ಯಾಡ ಆಪಾ. ಹಳೇ ಡಬ್ಬಿ ಇದ್ರ ಒಂದ್ ಕೊಡ್ರಿ. ಲಾವಕ್ಕಿ ತತ್ತಿ ಕಾವಿಗೆ ಇಡಬೇಕು."

"ಬರ್ಫಿನ ಡಬ್ಬ್ಯಾಗ ಕಾವು? ನಿನಗೇನರ ಹುಚ್ಚ ಹಿಡದೈತೇನ ಬೇಟಿ?" ಎಂದು ಜೈತುನ್‌ಬಿ ನಕ್ಕು ನನ್ನನ್ನು ಸುಮ್ಮನೆ ಕೊಟ್ಟುಬಿಟ್ಟಳು. ನನಗೂ ಅದೇ ಪ್ರಶ್ನೆ ಇತ್ತು, ಆದರೆ ಕೇಳುವವರಾರು?

ಹುಲಿಗೆವ್ವ ನನ್ನನ್ನು ಸೋಪು ಹಚ್ಚಿ, ಲಿಂಬೆಹೋಳಿನಿಂದ ತಿಕ್ಕಿ, ಮೂರು ದಿನ ಬಿಸಿಲಿಗಿಟ್ಟಳು. ಮೀನಿನ ವಾಸನೆ ಹೋಯಿತೆಂದು ಅವಳು ನಂಬಿದಳು, ಓಣಿಯ ಬೆಕ್ಕುಗಳು ಮಾತ್ರ ನಂಬಲಿಲ್ಲ. ಆ ಮೂರು ದಿನ ಅಂಗಳದಲ್ಲಿ ಕೂತೇ, ಓಣಿಯ ಹೆಂಗಸರ ಮಾತಿನಿಂದ, ನಾನು ಆ ಮನೆಯ ವಿಷಯ ತಿಳಿದುಕೊಂಡೆ. ತಿಳಿದಷ್ಟೂ ಗೊಂದಲವಾಯಿತು.

ಆ ಮನೆಯಲ್ಲಿ ಇದ್ದದ್ದು ಇಬ್ಬರೇ. ಅಪ್ಪ ನೀಲಪ್ಪ ತಳವಾರ, ಬಸ್‌ಸ್ಟ್ಯಾಂಡಿನ ಹತ್ತಿರ ಸುಟ್ಟ ಮೋಟಾರುಗಳಿಗೆ ಹೊಸ ತಂತಿ ಸುತ್ತಿಕೊಡುವ ಅಂಗಡಿ ಅವನದು. ಮಗಳು ಹುಲಿಗೆವ್ವ. ತಾಯಿ ತೀರಿಕೊಂಡು ಆರು ವರ್ಷ. ನಾಗರಪಂಚಮಿಗೆ ಹೆಣ್ಣುಮಕ್ಕಳು ತವರಿಗೆ ಬಂದು, ಉಂಡಿ ತಿಂದು, ಜೋಕಾಲಿ ಆಡಿ, ಗಂಡನ ಮನೆಯವರು ಬಂದು ಕರೆದಾಗ ಹೋಗುವುದು ಆ ಕಡೆಯ ಪದ್ಧತಿ. ಈಕೆ ಬಂದಳು, ಹೋಗಲಿಲ್ಲ. "ಅಲ್ಲಿ ಕೈ ಮಾಡ್ತಾರಪ್ಪಾ, ನಾ ಒಲ್ಲೆ" ಎಂದು ಹೇಳಿದ್ದಳಂತೆ. ನೀಲಪ್ಪ ತಲೆ ಬಗ್ಗಿಸಿಕೊಂಡು, "ಸ್ವಲ್ಪ ತಾಳ್ಕೊಬೇಕವಾ" ಎಂದಿದ್ದನಂತೆ. ಅಷ್ಟೇ. ಅವತ್ತು ಮಗಳು ಮಾತು ಬಿಟ್ಟಳು. ಎರಡು ದಿನ ನೋಡಿ ಅಪ್ಪನೂ ಬಿಟ್ಟ. ದೀಪಾವಳಿಗೆ ಬೀಗರು ಹೇಳಿ ಕಳಿಸಿದಾಗ, "ಎಳ್ಳಮಾಸಿ ಮುಗೀಲಿ, ಮರುದಿನ ಬಂದು ಕರಕೊಂಡು ಹೋಗ್ರಿ" ಎಂದು ನೀಲಪ್ಪ ಮಾತು ಕೊಟ್ಟ. ಒಳಗೆ ರೊಟ್ಟಿ ಬಡಿಯುತ್ತಿದ್ದ ಹುಲಿಗೆವ್ವ ಅದನ್ನು ಕೇಳಿಸಿಕೊಂಡಳು. ಬಡಿಯುವ ಸದ್ದು ಒಂದು ಗಳಿಗೆ ನಿಂತು ಮತ್ತೆ ಶುರುವಾಯಿತಂತೆ.

ಅದಾದ ಮೇಲೆ ಅವಳು ಹಾವೇರಿಗೆ ಹೋಗಿ ಮೂರು ದಿನ ಲಾವಕ್ಕಿ ಸಾಕುವ ತರಬೇತಿ ಪಡೆದು ಬಂದಳು. ಕೈಯಲ್ಲೊಂದು ಕೆಲಸ, ಮನೆಯಲ್ಲಿ ನಾಲ್ಕು ಜೀವ ಇದ್ದರೆ ಅಪ್ಪ ಹೋಗೆನ್ನಲಾರ ಎಂದು ಅವಳ ಎಣಿಕೆ. ಇದು ಅವಳು ನನಗೇ ಹೇಳಿದ ಮಾತು. ಹೌದು, ನನಗೇ.

ನನ್ನ ಒಳಗೆ ಬಲ್ಬು ಹಾಕಿದಳು. ಬಿಸಿ ಹೆಚ್ಚಾದರೆ ಬಲ್ಬು ಆರಿಸುವ, ಕಡಿಮೆಯಾದರೆ ಹಚ್ಚುವ ಸಣ್ಣ ಯಂತ್ರವೊಂದನ್ನು ಗೋಡೆಗೆ ಸಿಕ್ಕಿಸಿದಳು. ಒಂದು ಬಟ್ಟಲಲ್ಲಿ ನೀರಿಟ್ಟಳು. ಒಳಗೆ ನೋಡಲು ಮುಚ್ಚಳಕ್ಕೆ ಗಾಜು ಬೇಕಿತ್ತು. ಟ್ರಂಕಿನಿಂದ ತನ್ನ ಮದುವೆಯ ಫೋಟೊ ತೆಗೆದು, ಚೌಕಟ್ಟು ಬಿಚ್ಚಿ, ಅದರ ಗಾಜನ್ನೇ ನನಗೆ ಹೊಂದಿಸಿದಳು. ಫೋಟೊವನ್ನು ಏನು ಮಾಡಿದಳೋ ನಾನು ನೋಡಲಿಲ್ಲ.

ಸಂಜೆ ನೀಲಪ್ಪ ಬಂದ. ನನ್ನ ಮುಂದೆ ಕುಕ್ಕರುಗಾಲಲ್ಲಿ ಕೂತ. ಕೆಮ್ಮಿದ. ಆಮೇಲೆ ನನ್ನನ್ನೇ ನೋಡುತ್ತ, "ಇದು ಎಲ್‌ಇಡಿ ಬಲ್ಬು. ಬೆಳಕು ಕೊಡತೈತಿ, ಬಿಸಿ ಕೊಡೂದಿಲ್ಲ. ಕಲತವರಿಗೆ ಇಷ್ಟರ ಗೊತ್ತಿರಬೇಕು" ಎಂದ.

ನನಗೆ ಗಾಬರಿಯಾಯಿತು. ನಾನೆಲ್ಲಿ ಕಲಿತವನು? ಬಲ್ಬನ್ನು ನಾನು ಹಾಕಿಕೊಂಡಿರಲಿಲ್ಲವಲ್ಲ. ಅಡುಗೆಮನೆಯಿಂದ ಹುಲಿಗೆವ್ವ ಬಂದು, ಅವಳೂ ನನ್ನನ್ನೇ ನೋಡುತ್ತ, "ಹಳೇ ಬಲ್ಬು ಎಲ್ಲೂ ಸಿಗಲಿಲ್ಲ. ಇದ್ದವರು ಕೊಡಬೇಕು" ಎಂದಳು. ಮರುದಿನ ನನ್ನ ಪಕ್ಕದಲ್ಲಿ ಹಳೇ ಕಾಲದ ನಲವತ್ತು ವ್ಯಾಟಿನ ಬಲ್ಬು ಎರಡು ಬಂದು ಕೂತಿದ್ದವು.

ಅಂದಿನಿಂದ ಇದೇ ನಡೆಯಿತು. ಮಾತು ಬಿಟ್ಟವರಿಗೆ ನಡುವೆ ಮೂರನೆಯವರು ಬೇಕು. ಬೇರೆ ಮನೆಗಳಲ್ಲಿ ಅಜ್ಜಿಯೋ ಮಗುವೋ ಇರುತ್ತದೆ, ಇಲ್ಲಿ ನಾನಿದ್ದೆ. "ಪಲ್ಯಕ್ಕ ಉಪ್ಪು ಇಲ್ಲ" ಎಂದು ನೀಲಪ್ಪ ನನಗೆ ದೂರು ಹೇಳುತ್ತಿದ್ದ. "ಬಿಪಿ ಇದ್ದವರು ಉಪ್ಪು ಕಡಿಮಿ ತಿನ್ನಬೇಕಂತ ಡಾಕ್ಟರ್ ಹೇಳ್ಯಾರ" ಎಂದು ಹುಲಿಗೆವ್ವ ನನಗೆ ತಿಳಿಸುತ್ತಿದ್ದಳು. ಬಿಪಿ ನನಗೂ ಇರಬಹುದೇ ಎಂದು ಎರಡು ದಿನ ಚಿಂತೆ ಮಾಡಿದೆ. ಆದರೂ ಒಂದು ಮಾತು ಹೇಳಬೇಕು. ಜನ್ಮದಲ್ಲಿ ಮೊದಲ ಸಲ ಯಾರೋ ನನ್ನ ಮುಖ ನೋಡಿ ಮಾತಾಡುತ್ತಿದ್ದರು. ಅದು ನನಗೆ ಬಹಳ ಹಿಡಿಸಿತು.

ಮೊಟ್ಟೆಗಳು ಬಂದವು. ಇಪ್ಪತ್ನಾಲ್ಕು. ಒಂದೊಂದೂ ಹುಣಸೆಬೀಜಕ್ಕಿಂತ ತುಸು ದೊಡ್ಡದು ಎಂದುಕೊಂಡಿದ್ದೆ, ಅಷ್ಟು ಸಣ್ಣದೇನೂ ಇರಲಿಲ್ಲ. ಮಗುವಿನ ಮುಷ್ಟಿಯಲ್ಲಿ ಒಂದು ಹಿಡಿಸುವಷ್ಟಿತ್ತು. ಮೈತುಂಬ ಕಂದು ಮಚ್ಚೆ. ಸಾಕಿದ ಲಾವಕ್ಕಿ ಮೊಟ್ಟೆಯಿಟ್ಟು ಹಿಂದೆ ತಿರುಗಿ ನೋಡದೆ ಕಾಳು ಹೆಕ್ಕಲು ಹೋಗುತ್ತದಂತೆ, ಕಾವಿಗೆ ಕೂರುವುದೇ ಇಲ್ಲವಂತೆ. ಹೆತ್ತವಳು ಕೂರಬೇಕಾದಲ್ಲಿ ಬರ್ಫದ ಡಬ್ಬಿ ಕೂರಬೇಕು! ಇದು ಯಾವ ನ್ಯಾಯ ಎಂದು ನನಗೆ ಅರ್ಥವಾಗಲಿಲ್ಲ. ಬಲ್ಬು ಹತ್ತಿತು. ಬೆಚ್ಚಗಾಯಿತು. ನನ್ನ ಗೋಡೆಗಳು ಆ ಬಿಸಿಯನ್ನೂ ಹಿಡಿದುಕೊಂಡವು. ಹೊರಗಿನದು ಒಳಗೆ ಬರದಂತೆ, ಒಳಗಿನದು ಹೊರಗೆ ಹೋಗದಂತೆ ತಡೆಯುವುದೇ ನನ್ನ ಕೆಲಸವಿದ್ದೀತು, ತಣ್ಣಗೋ ಬಿಸಿಯೋ ಎಂದು ಕೇಳುವುದಲ್ಲ ಎಂದು ಸಮಾಧಾನ ಮಾಡಿಕೊಂಡೆ.

ಹುಲಿಗೆವ್ವ ಪ್ರತಿ ಮೊಟ್ಟೆಯ ಒಂದು ಮಗ್ಗುಲಿಗೆ ಪೆನ್ಸಿಲಿನಿಂದ ಗುಣಾಕಾರದ ಗುರುತು, ಇನ್ನೊಂದು ಮಗ್ಗುಲಿಗೆ ಸೊನ್ನೆ ಬರೆದಳು. ದಿನಕ್ಕೆ ಮೂರು ಸಲ ಅವನ್ನು ಮಗ್ಗುಲು ಬದಲಿಸಬೇಕು. ಒಂದೇ ಮಗ್ಗುಲಲ್ಲಿ ಮಲಗಿದರೆ ಒಳಗಿನ ಜೀವ ಸಿಪ್ಪೆಗೆ ಅಂಟಿಕೊಂಡು ಸಾಯುತ್ತದೆ. ಹದಿನೈದನೇ ದಿನದಿಂದ ಮುಟ್ಟಬಾರದು. ಹದಿನೇಳು, ಹದಿನೆಂಟಕ್ಕೆ ಮರಿ ಒಡೆಯುತ್ತದೆ. ಕ್ಯಾಲೆಂಡರಿನಲ್ಲಿ ಅವಳು ಬೆರಳಿಟ್ಟು ಎಣಿಸಿದಳು. ಹದಿನೇಳನೇ ದಿನ ಎಳ್ಳಮಾಸಿಯ ಮರುದಿನವೇ ಬಿತ್ತು. ಬೀಗರು ಬರುವ ದಿನ. ಅವಳು ಬೆರಳನ್ನು ಅಲ್ಲಿಂದ ತೆಗೆಯಲೇ ಇಲ್ಲ.

ನಾಲ್ಕನೇ ದಿನ ಬೆಳಿಗ್ಗೆ ಒಂದು ಅನಾಹುತವಾಯಿತು. ಅವಳು ಯಾವಾಗಲೂ ಬಲಗೈ ಒಂದರಿಂದಲೇ ಮೊಟ್ಟೆ ತಿರುಗಿಸುತ್ತಿದ್ದಳು. ಅವತ್ತು ಅವಸರದಲ್ಲಿ ಒಂದನ್ನು ಎಡಗೈಗೆ ತೆಗೆದುಕೊಂಡಳು. ಎಡ ಅಂಗೈ ಮೇಲ್ಮುಖವಾಗಿ ತಿರುಗಲಿಲ್ಲ, ಅರ್ಧಕ್ಕೇ ನಿಂತಿತು. ಮೊಟ್ಟೆ ಜಾರಿ ನನ್ನ ಅಂಚಿಗೆ ಬಡಿದು ಒಡೆಯಿತು. ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಿದ್ದ ನೀಲಪ್ಪ ತಿರುಗಿ ನೋಡಿದ. ಮೊಟ್ಟೆಯನ್ನಲ್ಲ, ಆ ಕೈಯನ್ನು ನೋಡಿದ. ಮಣಿಕಟ್ಟಿನ ಮೇಲೆ ಎಲುಬು ಸೊಟ್ಟಗೆ ಕೂಡಿಕೊಂಡು ಗಂಟಾಗಿತ್ತು. ಅವಳು ಎಂದಿನಂತೆ ಅದನ್ನು ಸೆರಗಿನಿಂದ ಮುಚ್ಚಿಕೊಂಡಳು. ಅವನು ಚಹಾ ಕುಡಿಯದೆ ಅಂಗಡಿಗೆ ಹೋದ. ಒಂದು ಮೊಟ್ಟೆ ಹೋದದ್ದಕ್ಕೆ ಇಷ್ಟು ದುಃಖವೇ ಎಂದು ನಾನು ಅಂದುಕೊಂಡೆ.

ಅವತ್ತಿನಿಂದ ಹಿಡಿದ ಗೋಜಲಿದೆಯಲ್ಲ, ಅದನ್ನು ನೆನೆದರೆ ಈಗಲೂ ನನ್ನ ಕಾಳುಗಳು ಸಡಿಲವಾಗುತ್ತವೆ. ಬೆಳಿಗ್ಗೆ ಹುಲಿಗೆವ್ವ ಮೊಟ್ಟೆ ತಿರುಗಿಸುತ್ತಾಳೆ, ಸೊನ್ನೆ ಮೇಲೆ ಬರುತ್ತದೆ. ಮಧ್ಯಾಹ್ನ ಅವಳು ನಳಕ್ಕೆ ನೀರು ತರಲು ಹೋದಾಗ ನೀಲಪ್ಪ ಅಂಗಡಿಯಿಂದ ಬಂದು, ಕೈ ತೊಳೆದು, ಉಸಿರು ಹಿಡಿದು ಒಂದೊಂದನ್ನೇ ತಿರುಗಿಸಿ ಹೋಗುತ್ತಾನೆ, ಗುಣಾಕಾರ ಮೇಲೆ ಬರುತ್ತದೆ. ಕೊಡ ಇಳಿಸಿದ ಹುಲಿಗೆವ್ವ ಬಂದು ನೋಡಿ, "ಅಯ್ಯ, ಮುಂಜಾನೆ ನಾ ತಿರುಗಿಸೇ ಇಲ್ಲೇನು?" ಎಂದು ಮತ್ತೆ ತಿರುಗಿಸುತ್ತಾಳೆ. ಮತ್ತೆ ಸೊನ್ನೆ. ಸಂಜೆಗೂ ಇದೇ ಕತೆ. ಮಾಡಿದ್ದನ್ನು ಮಾಡುವುದು, ಬಿಡಿಸಿದ್ದನ್ನು ಕಟ್ಟುವುದು. ಮನುಷ್ಯರು ಸಂಸಾರ ಮಾಡುವುದೇ ಹೀಗಿರಬೇಕು ಎಂದು ನಾನು ಸುಮ್ಮನಿದ್ದೆ. ಹೇಳಲು ನನಗೆ ಬಾಯಿ ಎಲ್ಲಿದೆ?

ಹುಲಿಗೆವ್ವ ಬಡವಾದಳು. ತನ್ನ ನೆನಪೇ ಕೈಕೊಟ್ಟಿತೆಂದು ಹೆದರಿದಳು. ಗೋಡೆಗೆ ಇದ್ದಿಲಿನಿಂದ ಗೀಟು ಎಳೆದಳು. ಗೀಟು ಒಂದು ಹೇಳಿದರೆ ಮೊಟ್ಟೆ ಇನ್ನೊಂದು ಹೇಳುತ್ತಿತ್ತು. ಏಳನೇ ದಿನ ಮಧ್ಯಾಹ್ನ ನೀರಿಗೆ ಹೋದಂತೆ ಮಾಡಿ ಹಿತ್ತಲ ಬಾಗಿಲಿನಿಂದ ಒಳಗೆ ಬಂದು ನಿಂತಳು. ನೀಲಪ್ಪ ಸಿಕ್ಕಿಬಿದ್ದ. ಅವನ ದಪ್ಪ ಬೆರಳುಗಳ ನಡುವೆ ಹನ್ನೆರಡನೇ ಮೊಟ್ಟೆ ಇತ್ತು.

ಅವಳ ಸಿಟ್ಟು ನೆತ್ತಿಗೇರಿತು. ಅಷ್ಟು ಸಿಟ್ಟಲ್ಲೂ ಅವಳು ನೋಡಿದ್ದು ನನ್ನನ್ನೇ. "ನಾ ತಿರುಗಿಸಿದ್ದನ್ನ ಬೇಕಂತಲೇ ತಿರುಗಿಸಿ ಇಡಾಕತ್ತಾರ! ಇವೂ ಸಾಯಲಿ, ನಾನೂ ಗಂಡನ ಮನಿಗೆ ಹೋಗ್ಲಿ ಅಂತ. ಇಷ್ಟ್ಯಾಕ ನನ್ನ ಮ್ಯಾಲೆ ಹಟ?"

ನೀಲಪ್ಪ ಮೊಟ್ಟೆಯನ್ನು ನಿಧಾನವಾಗಿ ಕೆಳಗಿಟ್ಟ. ಆಮೇಲೆ ನನ್ನ ಗಾಜಿನ ಕಡೆ ಬಾಗಿ ಹೇಳಿದ: "ಎಡಗೈ ಹೊರಳೂದಿಲ್ಲ. ಒಂದ್ ಕೈಲೆ ಇಪ್ಪತ್ಮೂರು ತತ್ತಿ ತಿರುಗಿಸೂದು ತ್ರಾಸಾಗ್ತದಂತ ನಾನ ಮಾಡಿದೆ. ಹಿಂಗಾಗೇತಂತ ನನಗ ಯಾರೂ ಹೇಳಲಿಲ್ಲ."

"ಹೇಳಿದ್ದೆ," ಎಂದಳು ಹುಲಿಗೆವ್ವ. ಅವಳ ದನಿ ಸಣ್ಣದಾಗಿತ್ತು. "ಪಂಚಮಿ ದಿನಾನ ಹೇಳಿದ್ದೆ. ತಾಳ್ಕೋ ಅಂದ್ರು."

ನನಗೆ ಏನು ಮಾಡಬೇಕೆಂದು ತಿಳಿಯಲಿಲ್ಲ. ಇಬ್ಬರೂ ನನಗೇ ಹೇಳಿದ್ದರು, ಉತ್ತರ ಕೊಡಬೇಕಾದವನು ನಾನೇ ಇರಬೇಕು. ಯಾರು ಯಾರಿಗೆ ಹೇಳಿದ್ದು, ಯಾರು ಕೇಳಿಸಿಕೊಂಡಿಲ್ಲ, ಯಾರದು ತಪ್ಪು? ಬಲ್ಬು ಟಪ್ಪೆಂದು ಆರಿತು, ಬಿಸಿ ಸಾಕಷ್ಟಾಗಿತ್ತು. ಆ ಮಬ್ಬಿನಲ್ಲಿ ನೀಲಪ್ಪ ಎರಡೂ ಕೈಯಿಂದ ಮುಖ ಮುಚ್ಚಿಕೊಂಡದ್ದನ್ನು ಕೆಳಗಿನಿಂದ ನೋಡಿದವನು ನಾನೊಬ್ಬನೇ.

ಸ್ವಲ್ಪ ಹೊತ್ತಾದ ಮೇಲೆ ಹುಲಿಗೆವ್ವ ಮೂಗೊರೆಸಿಕೊಂಡು ಕಿಟಕಿ ಮುಚ್ಚಿದಳು. ಮೊಟ್ಟೆಗಳು ಸತ್ತಿವೆಯೋ ಬದುಕಿವೆಯೋ ಬೆಳಕಿಗೆ ಹಿಡಿದು ನೋಡಬೇಕಿತ್ತು. ಒಂದು ಕೈಗೆ ಮೊಟ್ಟೆ, ಒಂದು ಕೈಗೆ ಬ್ಯಾಟರಿ ಬೇಕು. ಬ್ಯಾಟರಿಯನ್ನು ನೀಲಪ್ಪ ಹಿಡಿದ. ಮಚ್ಚೆಗಳ ನಡುವೆ ಸಿಪ್ಪೆ ಕೆಂಪಗೆ ಬೆಳಗಿತು. ಒಳಗೆ ಕೂದಲೆಳೆಯಂಥ ನರಗಳು, ನಡುವೆ ಮಿಡಿಯುವ ಒಂದು ಕರಿ ಚುಕ್ಕೆ. ಎರಡೆರಡು ಸಲ ತಿರುಗಿಸಿದ್ದರಿಂದ ಏನೂ ಕೆಟ್ಟಿರಲಿಲ್ಲ. ಒಂದೇ ಕಡೆ ಬಿದ್ದುಕೊಂಡಿದ್ದರೆ ತಾನೇ ಕೆಡುವುದು? ಇಪ್ಪತ್ಮೂರರಲ್ಲಿ ಹತ್ತೊಂಬತ್ತು ಬದುಕಿದ್ದವು. "ಹತ್ತೊಂಬತ್ತು," ಎಂದು ನೀಲಪ್ಪ ನನಗೆ ಹೇಳಿದ. "ಹೂಂ, ಹತ್ತೊಂಬತ್ತು," ಎಂದು ಹುಲಿಗೆವ್ವ ನನಗೆ ಹೇಳಿದಳು. ಒಂದೇ ಲೆಕ್ಕವನ್ನು ಎರಡು ಸಲ ಯಾಕೆ ಹೇಳಬೇಕೋ.

ಮಾರನೇ ದಿನದಿಂದ ಬೆಳಗು, ಸಂಜೆ ಅವಳು, ಮಧ್ಯಾಹ್ನ ಅವನು. ಯಾರೂ ಗೊತ್ತುಮಾಡಿದ್ದಲ್ಲ, ಹಾಗೇ ಆಯಿತು. ಹದಿನೈದನೇ ದಿನದಿಂದ ಇಬ್ಬರೂ ಕೈ ಕಟ್ಟಿಕೊಂಡರು. ಆದರೆ ಬೀಗರಿಗೆ ಕೊಟ್ಟ ಮಾತನ್ನು ನೀಲಪ್ಪ ಹಿಂದೆಗೆದುಕೊಂಡಿರಲಿಲ್ಲ. ಹುಲಿಗೆವ್ವ ಎಳ್ಳಮಾಸಿಯ ದಿನ ಕಡುಬು ಮಾಡಿದಳು, ಸಂಜೆ ಚೀಲಕ್ಕೆ ಎರಡು ಸೀರೆ ಹಾಕಿದಳು, ತೆಗೆದಳು, ಮತ್ತೆ ಹಾಕಿದಳು. ಅದನ್ನು ನೋಡಿ ನೀಲಪ್ಪ ಕೆಮ್ಮಿದ. ನನಗೆ ಏನೋ ಹೇಳುತ್ತಾನೆ ಎಂದು ಕಾದೆ. ಅವನು ಹಾಸಿಗೆ ಬಿಡಿಸಿ ಮಲಗಿಬಿಟ್ಟ.

ಮರುದಿನ ಹತ್ತು ಗಂಟೆಗೆ ಗಂಡನ ಚಿಕ್ಕಪ್ಪ ಯಮನಪ್ಪ ಬಂದ. ಜೊತೆಗೆ ಅವರ ಊರಿನ ಹಿರಿಯನೊಬ್ಬ. ಅದೇ ಹೊತ್ತಿಗೆ ನನ್ನ ಹೊಟ್ಟೆಯಲ್ಲಿ ಟಿಕ್ ಎಂದಿತು. ಒಂದು ಮೊಟ್ಟೆಯ ದಪ್ಪ ತುದಿಯಲ್ಲಿ ಸೂಜಿಮೊನೆಯಷ್ಟು ಬಿರುಕು. ಒಳಗಿನಿಂದ ಪೀ ಪೀ ಎಂಬ ದನಿ. ಮೀನುಗಳು ಎಂದೂ ಹೀಗೆ ಮಾಡಿರಲಿಲ್ಲ.

ಚಹಾ ಬಂತು. ಯಮನಪ್ಪ, "ತಡ ಮಾಡೂದು ಬ್ಯಾಡ ಬೀಗ್ರ, ಹನ್ನೊಂದರ ಬಸ್ಸು ಐತಿ" ಎಂದ. ನಂತರ ಸದ್ದು ಕೇಳಿ, "ಏನೈತ್ರಿ ಇದರಾಗ?" ಎನ್ನುತ್ತ ನನ್ನ ಮುಚ್ಚಳಕ್ಕೆ ಕೈ ಹಾಕಿದ. ಮುಚ್ಚಳದ ಮೂಲೆ ಲಟಕ್ಕೆಂದು ಮುರಿಯಿತು. ನೀಲಪ್ಪ ಎದ್ದು ಬಂದವನೇ ತನ್ನ ಅಂಗೈಯನ್ನು ನನ್ನ ಮೇಲಿಟ್ಟು ಒತ್ತಿ ಹಿಡಿದ.

"ತಗೀಬ್ಯಾಡ್ರಿ. ಮರಿ ಒಡ್ಯಾಕತ್ತಾವು. ಈಗ ತಗದ್ರ ಒಳಗಿನ ಹಸಿ ಹೋಗಿ, ಪೊರಿ ಒಣಗಿ ಮರಿಗೆ ಸುತ್ತಕೊಂತೈತಿ. ಹೊರಗ ಬರಾಕ ಆಗದ ಸಾಯ್ತಾವು."

"ಬಿಡ್ರಿ ಮತ್ತ, ನಮಗ್ಯಾಕ. ಹುಡಿಗಿನ್ನ ಕಳಸ್ರಿ."

"ಆಕಿನ್ನ ಹ್ಯಾಂಗ ಕಳಸ್ಲಿ? ಮರಿಗೆ ಇನ್ನ ಹದಿನೈದ್ ದಿನ ಕಾವು ಕೊಡಬೇಕು. ನೀರಿನ ತಾಟಿನ್ಯಾಗ ಸಣ್ಣ ಕಲ್ಲ ಹಾಕಿ ಕುಡಸಬೇಕು, ಇಲ್ಲಂದ್ರ ಮುಳುಗಿ ಸಾಯ್ತಾವು, ಅಷ್ಟ ಸಣ್ಣವಿರ್ತಾವು."

ಯಮನಪ್ಪ ಬೆರಳು ಎಣಿಸಿದ. "ಆತು, ಹದಿನೈದ್ ದಿನ ಬಿಟ್ಟು ಬರ್ತೀವಿ."

"ಆಮ್ಯಾಲೆ ಆರ್ ವಾರಕ್ಕ ಅವು ತತ್ತಿ ಇಡ್ತಾವು. ಆ ತತ್ತಿ ಮತ್ತ ಇದರಾಗ ಇಡಬೇಕು."

"ಹಂಗಾದ್ರ ಇದು ಮುಗಿಯೂದ ಯಾವಾಗ್ರಿ?"

ನೀಲಪ್ಪನ ಅಂಗೈ ನನ್ನ ಮೇಲೆ ಬೆವರುತ್ತಿತ್ತು. "ನನ್ನ ಮಗಳ ಎಡಗೈ ನೆಟ್ಟಗಾದಾಗ," ಎಂದ.

ಜೊತೆಗೆ ಬಂದ ಹಿರಿಯ ತನ್ನ ಟೊಪ್ಪಿಗೆ ತೆಗೆದು ಮೊಣಕಾಲ ಮೇಲೆ ಇಟ್ಟುಕೊಂಡ. ಯಮನಪ್ಪ ಗಂಟಲು ಸರಿಮಾಡಿಕೊಂಡು, "ಆಕಿ ಬಾವಿ ಕಟ್ಟಿ ಮ್ಯಾಲೆ ಜಾರಿ ಬಿದ್ದಿದ್ದು ಬೀಗ್ರ" ಎಂದ.

"ಹೌದೇನು? ಹಂಗಾದ್ರ ಆ ಬಾವಿ ಕಟ್ಟಿ ನಿಮ್ಮ ಮನ್ಯಾಗ ಇರ್ಲಿ. ನಮ್ಮಲ್ಲಿ ನಳ ಐತಿ."

ಅವರು ಚಹಾ ಮುಗಿಸದೆ ಎದ್ದರು. ಮಾತು ತಪ್ಪಿದ ಮನುಷ್ಯ ಎಂದು ಯಮನಪ್ಪ ಬಾಗಿಲಲ್ಲಿ ನಿಂತು ಕೂಗಿದ್ದು ಓಣಿಗೆಲ್ಲ ಕೇಳಿಸಿತು. ನೀಲಪ್ಪ ತಲೆ ಬಗ್ಗಿಸಲಿಲ್ಲ. ನನಗೆ ಮಾತ್ರ ಎಲ್ಲ ಕಲಸುಮೇಲೋಗರವಾಗಿತ್ತು. ಮಾತು ಮರಿಗಳದೋ ಮಗಳದೋ, ಮುಚ್ಚಳ ತೆಗೆಯಬಾರದು ಎಂದದ್ದು ಯಾವ ಮುಚ್ಚಳ?

ಹುಲಿಗೆವ್ವ ಅಡುಗೆಮನೆಯ ಬಾಗಿಲಲ್ಲಿ ಚೀಲ ಹಿಡಿದೇ ನಿಂತಿದ್ದಳು. ನೀಲಪ್ಪ ಅವಳ ಹತ್ತಿರ ಹೋದ. ಆ ಸೊಟ್ಟ ಕೈಯನ್ನು ತನ್ನ ಎರಡು ಕೈಯಲ್ಲಿ ತೆಗೆದುಕೊಂಡು ನೋಡಿದ. "ತಪ್ಪಾತವಾ," ಎಂದ. ನನ್ನ ಕಡೆ ತಿರುಗಿಯೇ ಇರಲಿಲ್ಲ! ಅವಳು ಚೀಲ ಕೆಳಗಿಟ್ಟು ಗೋಳೋ ಎಂದು ಅತ್ತಳು. "ಅಪ್ಪಾ, ಎಷ್ಟ ದಿನಾ ಆತೋ ನೀ ನನ್ನ ಕರದು," ಎಂದಳು. ಅವಳೂ ನನ್ನ ಕಡೆ ನೋಡಲಿಲ್ಲ.

ಸಂಜೆಯೊಳಗೆ ಹದಿನಾಲ್ಕು ಮರಿ ಒಡೆದವು. ಹೆಬ್ಬೆರಳಿನ ತುದಿಯಷ್ಟು ಮೈ, ಬೆನ್ನ ಮೇಲೆ ಗೀಟು. ಎರಡು ಉಳಿಯಲಿಲ್ಲ, ಅವನ್ನು ನೀಲಪ್ಪನೇ ಹಿತ್ತಲಲ್ಲಿ ಮಣ್ಣು ಮಾಡಿದ. ಉಳಿದವು ಒಣಗಿ, ಉಬ್ಬಿ, ನನ್ನ ಗೋಡೆಗಳನ್ನೇ ಕುಕ್ಕಿ ಕುಕ್ಕಿ ಕಾಳು ಉದುರಿಸಿದವು. ನಾನು ಸಿಟ್ಟಾಗಲಿಲ್ಲ.

ಆಮೇಲೆ ನನ್ನ ಹೊಟ್ಟೆಯಲ್ಲಿ ಏಳು ಸಲ ಮೊಟ್ಟೆ ಕೂತಿತು. ಹಿತ್ತಲಲ್ಲಿ ಜಾಲರಿ ಗೂಡು ಮೂರು ಅಂತಸ್ತಾಯಿತು. ಎರಡನೇ ವರ್ಷ ತಾನೇ ಮೊಟ್ಟೆ ತಿರುಗಿಸುವ ಯಂತ್ರವೊಂದನ್ನು ನೀಲಪ್ಪ ಹಳೇ ಮೋಟಾರು ಸೇರಿಸಿ ತಯಾರು ಮಾಡಿದ. ನನ್ನ ಬಲ್ಬು ಬಿಚ್ಚಿದರು. ಈಗ ನಾನು ಅಟ್ಟದ ಕೆಳಗಿನ ಮೂಲೆಯಲ್ಲಿದ್ದೇನೆ. ತಳ ಸೀಳಿದೆ. ಹೊಟ್ಟೆಯಲ್ಲಿ ತುಂಡು ತಂತಿ, ಒಂದು ಹರಿದ ಚಪ್ಪಲಿ ಇವೆ.

ಈ ಮನೆಯಲ್ಲಿ ಈಗ ದಿನವಿಡೀ ಗದ್ದಲ. ಹಕ್ಕಿಗಳದು ಒಂದು ಕಡೆ, ಇವರಿಬ್ಬರದು ಇನ್ನೊಂದು ಕಡೆ. ಕಾಳು ಹೆಚ್ಚು ಹಾಕಿದೆ ಎಂದು ಅವಳು ಬೈಯುತ್ತಾಳೆ, ನಿನಗಿಂತ ಮೊದಲು ನಾ ಹಕ್ಕಿ ನೋಡೀನಿ ಎಂದು ಅವನು ತಿರುಗಿ ಬೈಯುತ್ತಾನೆ. ಎಲ್ಲ ನೇರವಾಗಿ, ಮುಖಕ್ಕೆ ಮುಖ ಕೊಟ್ಟು. ಮೊದಮೊದಲು ನನ್ನಿಂದ ಏನು ತಪ್ಪಾಯಿತು ಎಂದು ಬಹಳ ತಲೆ ಕೆಡಿಸಿಕೊಂಡೆ. ಕಾವು ಕಡಿಮೆ ಕೊಟ್ಟೆನೇ? ಹೇಳಿದ್ದನ್ನು ಎಲ್ಲಾದರೂ ಸೋರಿಸಿದೆನೇ? ಮೊನ್ನೆ ನೀಲಪ್ಪ ನನ್ನ ಮುಂದೆ ಬಂದು ಕುಕ್ಕರುಗಾಲಲ್ಲಿ ಕೂತಾಗ ನನ್ನ ಕಾಳುಕಾಳೂ ಹಿಗ್ಗಿತು. ಅವನು ಒಂದು ತುಂಡು ತಂತಿ ಆರಿಸಿಕೊಂಡು, ನನ್ನನ್ನು ದಾಟಿ ಹಿತ್ತಲಿನ ಕಡೆಗೆ, "ಹುಲಿಗೀ, ಸಿಕ್ತು ಬಾ" ಎಂದು ಕೂಗಿ ಎದ್ದು ಹೋದ.

ನನಗೆ ಹೇಳುವಂಥದ್ದು ಈ ಮನೆಯಲ್ಲಿ ಯಾರ ಹತ್ತಿರವೂ ಏನೂ ಉಳಿದಿಲ್ಲ.